ಹಾಜರಿ ಕೂಗುವ ಹೊತ್ತು

ಒಬ್ಬ ಲೆಕ್ಚರರ್ ಎಂಥವರು ಅಂತ ತಿಳಿಯಲು ಅವರ ಪಾಠವನ್ನೇ ಕೇಳಬೇಕಾಗಿಲ್ಲ. ಹಾಜರಿ ತೆಗೆದುಕೊಳ್ಳುವುದನ್ನು ನೋಡಿದರೆ ಸಾಕು. ನಮ್ಮದು ಸರ್ಕಾರಿ ಡಿಗ್ರಿ ಕಾಲೇಜು, ಬಿಎ. ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಹಾಗಾಗಿ ಆ ಐದು ನಿಮಿಷದಲ್ಲಿ ನಾವು ಕೊಡುವ ಗಮನವನ್ನು ಬೇರೆ ಯಾವುದಕ್ಕೂ ಕೊಡುವುದಿಲ್ಲ.

ಇಂಗ್ಲಿಷ್ ಮೇಡಂ ತಲೆ ಎತ್ತುವುದೇ ಇಲ್ಲ. ನಂಬರ್‌ಗಳನ್ನು ಸರಸರ ಕೂಗುತ್ತಾ ಹೋಗುತ್ತಾರೆ. ಇವರ ಕ್ಲಾಸಲ್ಲಿ ಪ್ರಾಕ್ಸಿ, ಅಂದರೆ ಬಾರದವನ ಬದಲು ಇನ್ನೊಬ್ಬ ಹಾಜರಿ ಹೇಳುವುದು, ಸಲೀಸು ಅಂತ ಹೊಸಬರಿಗೆ ಅನ್ನಿಸುತ್ತದೆ. ಆದರೆ ಅವರ ಕಣ್ಣು ಪುಸ್ತಕದಲ್ಲಿದ್ದರೂ ಕಿವಿ ನಮ್ಮಲ್ಲೇ. ‘ನಲವತ್ತೇಳರ ಗಂಟಲಲ್ಲಿ ಐವತ್ತೆರಡು ಕೂತಿದ್ದಾನಲ್ಲಪ್ಪ!’ ಅಂದು, ಮುಖ ನೋಡದೆಯೇ ಮುಂದಿನ ನಂಬರ್‌ಗೆ ಹೋಗಿಬಿಡುತ್ತಾರೆ. ಬೈಗುಳ ಇಲ್ಲ, ಏನಿಲ್ಲ. ಅವತ್ತು ಇಬ್ಬರಿಗೂ ಆಬ್ಸೆಂಟು.

ಎಕನಾಮಿಕ್ಸ್ ಸರ್ ಕೊನೆಯ ಐದು ನಿಮಿಷದಲ್ಲಿ ಹಾಜರಿ ಕರೆಯುತ್ತಾರೆ. ಹುಡುಗರು ಕೊನೆತನಕ ಯಾಕೆ ಕೂತಿರುತ್ತಾರೆ ಅನ್ನುವುದರ ಬಗ್ಗೆ ಅವರಿಗೆ ಯಾವ ಭ್ರಮೆಯೂ ಇಲ್ಲ. ಬೇಡಿಕೆ, ಪೂರೈಕೆ ಎರಡೂ ನಮಗೆ ಅರ್ಥವಾಗಿದ್ದು ಹೀಗೆಯೇ ಇರಬೇಕು.

ಕನ್ನಡದ ಸರ್ ಮಾತ್ರ ನಂಬರ್ ಕೂಗುವುದಿಲ್ಲ. ಹೆಸರು ಕೂಗುತ್ತಾರೆ, ಅದೂ ಇನಿಷಿಯಲ್ ಸಮೇತ. ಕೂಗಿ ಸುಮ್ನೆ ಮುಂದೆ ಹೋಗುತ್ತಾರಾ? ‘ಎಚ್ ಅಂದ್ರೆ ಯಾವ ಊರಪ್ಪ? ಹೊಳಲ್ಕೆರೆನಾ, ಹೊಸದುರ್ಗನಾ?’ ‘ಹಿರಿಯೂರು ಸರ್.’ ಮುಗಿಯಿತು. ಪೆನ್ನು ಪುಸ್ತಕದ ಮೇಲೆ ಅಡ್ಡ ಮಲಗಿತು. ಹಿರಿಯೂರು ಹತ್ತಿರದ ಮಾರಿಕಣಿವೆ ಡ್ಯಾಂ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ, ನಡುವೆ ಎಷ್ಟು ಜನ ಕೋಡಿ ನೋಡದೆಯೇ ಮುದುಕರಾದರು ಅನ್ನುವ ಕಥೆ ಶುರು. ‘ನೀನು ನೋಡೋಕೆ ಹೋಗಿದ್ಯಾ? ನೀರು ಹೇಗೆ ಸದ್ದು ಮಾಡುತ್ತಿತ್ತು ಹೇಳು’ ಅಂತ ಅವನನ್ನೇ ಎಬ್ಬಿಸಿ ನಿಲ್ಲಿಸಿದರು. ಎರಡು ವರ್ಷದಲ್ಲಿ ಯಾವ ಕ್ಲಾಸಲ್ಲೂ ಬಾಯಿ ಬಿಡದವನು ಅವತ್ತು ಹತ್ತು ನಿಮಿಷ ಮಾತಾಡಿದ. ಹಾಜರಿ ‘ಕೆ’ ಅಕ್ಷರದವರೆಗೂ ಬರಲಿಲ್ಲ, ಬೆಲ್ ಹೊಡೆಯಿತು. ಎಲ್ಲರಿಗೂ ಪ್ರೆಸೆಂಟ್ ಹಾಕಿಕೊಂಡು ಹೋದರು. ಸಿಲಬಸ್ ಮುಗಿಯುವುದಿಲ್ಲ ಅಂತ ಅವರ ಮೇಲೆ ದೂರು ಇದೆ. ದೂರು ನಿಜ. ಆದರೂ ಆ ಕ್ಲಾಸಿಗೆ ನಾನು ಬಂಕ್ ಹೊಡೆಯುವುದಿಲ್ಲ.

ಹಿಸ್ಟರಿಗೆ ಇರುವವರು ಅತಿಥಿ ಉಪನ್ಯಾಸಕರು. ಅತಿಥಿ ಅಂದರೂ ಕಾಲೇಜಿನ ಅರ್ಧ ಭಾರ ಅವರ ಮೇಲೇ ಇದೆ. ಅವರ ಹಾಜರಿ ಪುಸ್ತಕ ನೋಡಬೇಕು ನೀವು: ಸ್ಕೇಲ್ ಇಟ್ಟು ಎಳೆದ ಗೆರೆ, ಗೈರಾದವರಿಗೆ ಕೆಂಪು, ತಡವಾಗಿ ಬಂದವರಿಗೆ ಪಕ್ಕದಲ್ಲಿ ಪುಟ್ಟ ಚುಕ್ಕೆ. ನಮ್ಮ ಹಾಜರಿಯನ್ನು ಇಷ್ಟು ಜೋಪಾನ ಮಾಡುವವರಿಗೆ ತಾವು ಮುಂದಿನ ವರ್ಷ ಇದೇ ರೂಮಿನಲ್ಲಿರುತ್ತೇವೋ ಇಲ್ಲವೋ ಗೊತ್ತಿರುವುದಿಲ್ಲ. 2022ರ ಜನವರಿಯಲ್ಲಿ ಸರ್ಕಾರ ಇವರ ಗೌರವಧನ ಹೆಚ್ಚಿಸಿತು. ಜೊತೆಗೇ ವಾರದ ಪಾಠವನ್ನು 15 ಗಂಟೆಗೆ ಏರಿಸಿತು. ಒಬ್ಬೊಬ್ಬರಿಗೆ ಪಾಠ ಜಾಸ್ತಿಯಾದರೆ ಬೇಕಾಗುವ ಜನ ಕಡಿಮೆ, ಅಲ್ವಾ? ಎಕನಾಮಿಕ್ಸ್ ಸರ್ ಕೇಳಿದರೆ ಬೋರ್ಡ್ ಮೇಲೆ ಗೆರೆ ಎಳೆದೇ ತೋರಿಸುತ್ತಾರೆ.

ಅತಿಥಿ ಉಪನ್ಯಾಸಕರ ಆಯ್ಕೆ ಪಟ್ಟಿ ಬರುವ ಹೊತ್ತಿಗೆ ಹಿಸ್ಟರಿ ಸರ್ ಸ್ಟಾಫ್ ರೂಮಿನಲ್ಲಿ ಜಾಸ್ತಿ ಹೊತ್ತು ಮೊಬೈಲ್ ನೋಡುತ್ತಾರೆ. ನಾವೂ ಹಿಂದಿನ ಬೆಂಚಲ್ಲಿ ಅದನ್ನೇ ಹುಡುಕುತ್ತಿರುತ್ತೇವೆ. ಪ್ರೀತಿ ಇದೆ, ಸ್ವಾರ್ಥವೂ ಇದೆ. ಇವರಿಗಿಂತ ಮೊದಲು ಇದ್ದವರು ನಡುವೆಯೇ ಹೋದರು. ಇವರು ಬಂದು ಮೊದಲಿಂದ ಶುರು ಮಾಡಿದರು. ಹೀಗಾಗಿ 1757ರ ಪ್ಲಾಸಿ ಕದನವನ್ನು ನಾವು ಎರಡು ಸಲ ಓದಿದ್ದೇವೆ. ಎರಡು ಸಲವೂ ಸಿರಾಜುದ್ದೌಲನೇ ಸೋತ. ಈಗ ಹೇಗೋ 1857ರವರೆಗೆ ಬಂದಿದ್ದೇವೆ. ಇವರೂ ಹೋದರೆ ಮತ್ತೆ ಪ್ಲಾಸಿಯೇ.