ಐದು ನಾಲ್ಕಕ್ಕಿಂತ ದೊಡ್ಡದು

ನಾನು ಪಾಠ ಮಾಡುವುದು ಗಣಿತ. ಆದರೂ ಸ್ಟಾಫ್ ರೂಮಿನಲ್ಲಿ ನನ್ನ ಹೆಸರು ‘ಕಂಪ್ಯೂಟರ್ ಮೇಷ್ಟ್ರು’. 2002ರಲ್ಲಿ ಪೆಂಟಿಯಂ ಫೋರ್ ಪ್ರೊಸೆಸರ್, 256 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್ ಡಿಸ್ಕ್ ತಂದು ಒಬ್ಬನೇ ಕೂತು ಒಂದು ಕಂಪ್ಯೂಟರ್ ಜೋಡಿಸಿದ್ದೆ. ಅದು ಒಂದೇ ಏಟಿಗೆ ಆನ್ ಆಯಿತು. ಆ ಒಂದು ಏಟಿನ ಮೇಲೆ ಇಪ್ಪತ್ತಮೂರು ವರ್ಷ ಜೀವನ ಮಾಡಿದ್ದೇನೆ.

ಹೀಗಿರುವಾಗ ಮಗ ಪಿಯುಸಿ ಮುಗಿಸಿ ಗೇಮಿಂಗ್ ಕಂಪ್ಯೂಟರ್ ಬೇಕು ಅಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. “ಅಂಗಡಿಯವರೇ ಜೋಡಿಸಿ ಕೊಡ್ತಾರಪ್ಪ, ಸಾವಿರ ರೂಪಾಯಿ ತಗೋತಾರೆ ಅಷ್ಟೆ” ಅಂದ. ಬಾಣಸಿಗನ ಮನೆಗೆ ಊಟ ಪಾರ್ಸಲ್ ತರಿಸಿದ ಹಾಗಾಯಿತು ನನಗೆ.

ಪಾಪ, ಹುಡುಗ ಪಟ್ಟಿ ಚೆನ್ನಾಗಿಯೇ ಮಾಡಿದ್ದ. ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕಿನ ಬದಲಿಗೆ 500 ಜಿಬಿ ಎಸ್‌ಎಸ್‌ಡಿ, ಎಲ್ಲಕ್ಕೂ ಕರೆಂಟ್ ಹಂಚುವ 550 ವ್ಯಾಟ್ ಎಸ್‌ಎಂಪಿಎಸ್, ಒಂದು ಕ್ಯಾಬಿನೆಟ್. ಒಟ್ಟು ₹54,000. ನನ್ನ ಬಜೆಟ್ಟು ₹45,000. ಕಾಗದ ಕೈಗೆ ಬಂದ ಕೂಡಲೇ ಜೇಬಿನಿಂದ ಕೆಂಪು ಪೆನ್ನು ತಾನಾಗಿ ಹೊರಗೆ ಬಂತು. ಅದು ವೃತ್ತಿದೋಷ.

ಮೊದಲು ಕಣ್ಣಿಗೆ ಬಿದ್ದದ್ದು ಎಸ್‌ಎಂಪಿಎಸ್. ಪ್ರೊಸೆಸರಿಗೆ 65 ವ್ಯಾಟ್, ಕಾರ್ಡಿಗೆ 132. ಕೂಡಿದರೆ 197. ಇನ್ನೂರೈವತ್ತರದ್ದು ಧಾರಾಳ ಅಂದೆ. “ಬೋರ್ಡು, ಡಿಸ್ಕು, ಫ್ಯಾನು ಎಲ್ಲ ಗಾಳಿ ಕುಡ್ಕೊಂಡು ಇರ್ತಾವಾ? ಕಾರ್ಡು ಒಂದೊಂದು ಕ್ಷಣ ದಿಢೀರಂತ ಜಾಸ್ತಿ ಎಳೆಯುತ್ತೆ” ಅಂತ ಮಗ ಅಳುವುದೊಂದು ಬಾಕಿ. ಅವರಮ್ಮ ಅಡುಗೆಮನೆಯಿಂದಲೇ ಅವನ ಪರ ತೀರ್ಪು ಕೊಟ್ಟಳು. ಬಿಟ್ಟುಬಿಟ್ಟೆ. ಮುಂದೆ ಇಡೀ ಪಟ್ಟಿಯಲ್ಲಿ ತಕರಾರು ಮಾಡದೆ ಕೆಲಸ ಮಾಡಿದ್ದು ನಾನು ತಿದ್ದದೆ ಬಿಟ್ಟ ಆ ಎಸ್‌ಎಂಪಿಎಸ್ ಒಂದೇ.

ಉಳಿದದ್ದನ್ನು ತಿದ್ದಿದೆ. ಬಿ550 ಹೊಡೆದುಹಾಕಿ ಬಿ450 ಬರೆದೆ. ಎರಡಕ್ಕೂ ಪ್ರೊಸೆಸರ್ ಕೂರುವ ಸಾಕೆಟ್ ಎಎಂ4, ಉಳಿತಾಯ ₹1,800. ಗ್ರಾಫಿಕ್ಸ್ ಕಾರ್ಡನ್ನು ಬೆಂಗಳೂರು ಮೆಟ್ರೋ ಥರ ‘ಎರಡನೇ ಹಂತ’ಕ್ಕೆ ತಳ್ಳಿದೆ. ಡಿಎ ಅರಿಯರ್ಸ್ ಬರಲಿ, ಆಮೇಲೆ ನೋಡೋಣ. ರ‍್ಯಾಮಂತೂ ಅವತ್ತು ರಾತ್ರಿಯೇ ಆನ್‌ಲೈನ್‌ನಲ್ಲಿ ರಿಯಾಯಿತಿಗೆ ಸಿಕ್ಕಿತು. 16 ಜಿಬಿಯ ಒಂದು ಕಡ್ಡಿ, ಸುಮಾರು ₹4,000. ಮಗ ನಾಲ್ಕು ಅಂತ ಬರೆದಿದ್ದ, ಇದು ಡಿಡಿಆರ್ ಐದು. ಯಾರಿಗೂ ಹೇಳದೆ ತರಿಸಿದೆ. ಹುಡುಗನಿಗೆ ಸರ್‌ಪ್ರೈಸ್ ಇರಲಿ ಅಂತ.

ತುಮಕೂರಿನಿಂದ ಬೆಳಗಿನ ರೈಲು. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹತ್ತಿದರೆ ಮುಂದಿನ ಸ್ಟಾಪೇ ಚಿಕ್ಕಪೇಟೆ, ಅಲ್ಲಿಂದ ನಡೆದರೆ ಎಸ್‌ಪಿ ರೋಡು. ಪೂರ್ತಿ ಹೆಸರು ಸಾದರ ಪಟ್ರಪ್ಪ ರಸ್ತೆ ಅಂತ ಅಲ್ಲಿ ವ್ಯಾಪಾರ ಮಾಡುವವರಲ್ಲೂ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ನಾನು ಹೋದ ಅಂಗಡಿ ಒಬ್ಬರು ಇಳಿದ ಮೇಲೆ ಇನ್ನೊಬ್ಬರು ಹತ್ತುವಷ್ಟು ಕಿರಿದಾದ ಮೆಟ್ಟಿಲ ಮೇಲಿತ್ತು. ಬಿ450 ಹಳೇ ಸ್ಟಾಕು. ಬೋರ್ಡನ್ನು ಎಬ್ಬಿಸುವ ಒಳಗಿನ ಪುಟ್ಟ ಪ್ರೋಗ್ರಾಮಿಗೆ ಬಯಾಸ್ ಅನ್ನುತ್ತಾರೆ. ಮಗ ಮೆಲ್ಲಗೆ ಕೇಳಿದ, “ಬಯಾಸ್ ಅಪ್‌ಡೇಟ್ ಆಗಿದೆಯಾ?” ಅಂಗಡಿಯವನು ತಲೆ ಎತ್ತದೆ, “ಆಗಿರುತ್ತೆ ಬಿಡಿ” ಅಂದ. ನಮ್ಮ ಕನ್ನಡ ಮೇಷ್ಟ್ರು ಜತೆಗಿದ್ದಿದ್ದರೆ ‘ಆಗಿದೆ’ಗೂ ‘ಆಗಿರುತ್ತೆ’ಗೂ ಇರುವ ವ್ಯತ್ಯಾಸ ಅಲ್ಲೇ ಹಿಡಿಯುತ್ತಿದ್ದರು. ನಾನು ಬಿಲ್ಲಿನ ಕೂಡುವ ಲೆಕ್ಕ ಪರೀಕ್ಷಿಸುತ್ತಿದ್ದೆ.

ಮೂರು ಬದಿ ಮಿಣಮಿಣ ದೀಪ, ಒಂದು ಬದಿ ಗಾಜು ಇರುವ ಕ್ಯಾಬಿನೆಟ್ಟನ್ನು ಮನೆಗೆ ತಂದು ಬಿಚ್ಚಿದಾಗ ಅಮ್ಮ ಕೈ ಮುಗಿದಳು. “ಮಂಟಪ ಚೆನ್ನಾಗಿದೆ ಕಣೋ, ಸೀರಿಯಲ್ ಸೆಟ್ಟೂ ಜತೆಗೇ ಕೊಟ್ಟಿದಾರೆ. ಮೂರ್ತಿ ಯಾವುದು?”

ಭಾನುವಾರ ಜೋಡಣೆ. ಈ ಎಎಂ4 ಪ್ರೊಸೆಸರಿನ ಹೊಟ್ಟೆಯಡಿ 1331 ಪಿನ್ನುಗಳಿವೆ, ಒಂದು ಬಾಗಿದರೂ ಗೋವಿಂದ. ತೀರ್ಥ ತೆಗೆದುಕೊಳ್ಳುವವನ ಹಾಗೆ ಉಸಿರು ಬಿಗಿಹಿಡಿದು ಕೂರಿಸಿದೆ. ಕೂತಿತು. ಇನ್ನು ನನ್ನ ಸರ್‌ಪ್ರೈಸು. ಸ್ಲಾಟಿನ ಮೇಲಿಟ್ಟು ಒತ್ತಿದೆ. ಇಳಿಯಲಿಲ್ಲ. ತಿರುಗಿಸಿ ಒತ್ತಿದೆ. ಬೋರ್ಡು ಬಿಲ್ಲಿನ ಹಾಗೆ ಬಾಗಿತು.

“ರೀ, ಅದೇನು ಚಪಾತಿ ಹಿಟ್ಟೇನ್ರೀ ಹಾಗೆ ಅದುಮೋಕೆ?” ಅಂದಳು ಹೆಂಡತಿ.

ಮಗ ಕಡ್ಡಿಯನ್ನು ಕೈಗೆ ತೆಗೆದುಕೊಂಡು ಚೀಟಿ ಓದಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರ ಇತ್ತು. ಅದು ಇನ್ನೂ ಕಷ್ಟ. “ಅಪ್ಪಾ, ಇದು ಡಿಡಿಆರ್ ಫೈವ್.”

“ಇನ್ನೂ ಒಳ್ಳೇದಲ್ವೇನೋ? ಐದು ನಾಲ್ಕಕ್ಕಿಂತ ದೊಡ್ಡದು.”

ಎರಡಕ್ಕೂ ಕಾಲು 288 ಅನ್ನುವುದೂ ನಿಜ. ಅದನ್ನೂ ವಾದಕ್ಕೆ ಬಳಸಿದೆ. ಆದರೆ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ಕರೆಂಟಿನ ಏರ್ಪಾಟೇ ಬೇರೆ. ನನ್ನಂಥವರು ತುರುಕಬಾರದು ಅಂತಲೇ ಆ ಕಚ್ಚನ್ನು ಪಕ್ಕಕ್ಕೆ ಸರಿಸಿದ್ದಾರೆ. ವಾಪಸ್ ಕೊಡೋಣವೆಂದರೆ ‘ರಿಪ್ಲೇಸ್‌ಮೆಂಟ್ ಮಾತ್ರ’ ಅಂತ ಬರೆದಿತ್ತು. ಅಂದರೆ ಈ ಐದನ್ನು ಕೊಟ್ಟರೆ ಇನ್ನೊಂದು ಐದು ಕೊಡುತ್ತಾರೆ. ಊರಲ್ಲೇ ಎಂಟೆಂಟು ಜಿಬಿಯ ಎರಡು ಡಿಡಿಆರ್4 ಕಡ್ಡಿ ತಂದೆ. ಐದನ್ನು ಪೆಟ್ಟಿಗೆ ಸಮೇತ ಬೀರುವಿನ ಮೂಲೆಗೆ ಸೇರಿಸಿ, ಲೆಕ್ಕದ ಹಾಳೆಯಲ್ಲಿ ‘ನಷ್ಟ’ ಅಂತ ಸಣ್ಣ ಅಕ್ಷರದಲ್ಲಿ ಬರೆದೆ.

ಎಸ್‌ಎಸ್‌ಡಿ ಅನ್ನುವುದು ಈಗ ಚ್ಯೂಯಿಂಗ್ ಗಮ್ ಪಟ್ಟಿಯಷ್ಟೇ ಇದೆ. ಅದನ್ನು ಹಿಡಿದಿಡುವುದು ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಸ್ಕ್ರೂ. ಅದು ಕೈಜಾರಿ ಬಿತ್ತು. ಮೂವರು ಮೊಬೈಲ್ ಟಾರ್ಚ್ ಹಿಡಿದು ಅರ್ಧ ಗಂಟೆ ನೆಲ ನೆಕ್ಕುವುದೊಂದು ಬಾಕಿ. ಅಮ್ಮ ಕುರ್ಚಿಯಿಂದ ಏಳದೆ, “ಆ ಜಮಖಾನದ ಅಂಚಲ್ಲಿ ಮಿಂಚ್ತಿದೆಯಲ್ಲೋ” ಅಂದಳು. ಎಪ್ಪತ್ತೆಂಟು ವರ್ಷ. ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣು.

ಸಂಜೆ ಆರಕ್ಕೆ ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು, ಮಂಟಪ ಬೆಳಗಿತು, ಮಾನಿಟರ್ ಮಾತ್ರ ಅಮಾವಾಸ್ಯೆ.

2002ರ ವಿದ್ಯೆ ನೆನಪಾಯಿತು. ಚಿತ್ರ ಬರದಿದ್ದರೆ ರ‍್ಯಾಮ್ ತೆಗೆದು ಅದರ ಕಾಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಬೇಕು. ಉಜ್ಜಿದೆ. ಎರಡು ರಬ್ಬರ್ ಸವೆದವು. ಕೊನೆಗೆ ಸ್ಕೂಟರಿನಲ್ಲಿ ಮಗನ ತೊಡೆ ಮೇಲೆ ಮಂಟಪ ಕೂರಿಸಿಕೊಂಡು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ನನ್ನ ಹಳೇ ಶಿಷ್ಯ, ಗಣಿತದಲ್ಲಿ ಮೂವತ್ತೈದು ತೆಗೆದವನು. “ಮೇಷ್ಟ್ರೇ, ಈ ಬೋರ್ಡಿನ ಚಿಪ್‌ಸೆಟ್ 2018ರದ್ದು, ಪ್ರೊಸೆಸರ್ 2022ರದ್ದು. ಇದಕ್ಕೆ ಅದರ ಮುಖಪರಿಚಯ ಇಲ್ಲ. ಬಯಾಸ್ ಅಪ್‌ಡೇಟ್ ಆಗಬೇಕು.”

“ಹಾಗಾದರೆ ಆನ್ ಮಾಡಿ ಅಪ್‌ಡೇಟ್ ಮಾಡಪ್ಪ.”

“ಆನ್ ಆಗೋಕೆ ಅದಕ್ಕೆ ಪರಿಚಯ ಇರೋ ಪ್ರೊಸೆಸರ್ ಬೇಕಲ್ವಾ.”

ಹಿಂದೆ ಬ್ಯಾಂಕಿನಲ್ಲಿ ಖಾತೆ ತೆರೆಯಲು ಆಗಲೇ ಖಾತೆ ಇದ್ದವರು ಬಂದು ‘ಇವರನ್ನು ನಾನು ಬಲ್ಲೆ’ ಅಂತ ಸಹಿ ಹಾಕಬೇಕಿತ್ತಲ್ಲ, ಅದೇ ವ್ಯವಸ್ಥೆ. ಬಟನ್ ಒತ್ತಿದರೆ ಪೆನ್‌ಡ್ರೈವಿನಿಂದ ತಾನೇ ಕಲಿತುಕೊಳ್ಳುವ ಬೋರ್ಡುಗಳೂ ಇವೆಯಂತೆ. ₹1,800 ಉಳಿಸಿದವರಿಗೆ ಆ ಬಟನ್ ಇಲ್ಲ. ಹುಡುಗ ತನ್ನಲ್ಲಿದ್ದ ಹಳೇ ರೈಜನ್ 3 2200ಜಿ ಹಾಕಿ ಪರಿಚಯ ಮಾಡಿಸಿದ, ಆಮೇಲೆ ನಮ್ಮದನ್ನು ಕೂರಿಸಿದ, ತನ್ನದೇ ಒಂದು ಹಳೇ ಕಾರ್ಡ್ ಸಿಕ್ಕಿಸಿ ಆನ್ ಮಾಡಿದ. ಚಿತ್ರ ಬಂತು! ₹300 ಕೊಟ್ಟು ಹಾರಿಕೊಂಡು ಬಂದೆ. ಆ ಕಾರ್ಡ್ ಯಾಕೆ ಸಿಕ್ಕಿಸಿದ ಅಂತ ನಾನು ಕೇಳಲಿಲ್ಲ, ಕೊನೆಗೆ ಅದನ್ನು ತೆಗೆದಿಟ್ಟುಕೊಂಡದ್ದನ್ನು ನೋಡಲೂ ಇಲ್ಲ.

ಮನೆಯಲ್ಲಿ ಮತ್ತೆ ಅಮಾವಾಸ್ಯೆ. ಫೋನ್ ಮಾಡಿದೆ.

“ಮೇಷ್ಟ್ರೇ, ಕಾರ್ಡ್ ಎಲ್ಲಿ?”

“ಅದು ಎರಡನೇ ಹಂತದಲ್ಲಿ...”

ಆ ಕಡೆ ಸ್ವಲ್ಪ ಹೊತ್ತು ಮೌನ. ಹೆಸರಿನ ಕೊನೆಗೆ ಜಿ ಇರುವ 5600ಜಿಗೆ ಚಿತ್ರ ಬರೆಯಲು ಬರುತ್ತದೆ, ಬರೀ 5600ಕ್ಕೆ ಬರುವುದಿಲ್ಲ, ಕಾರ್ಡ್ ಇಲ್ಲದೆ ಅದು ಕುರುಡು ಅಂತ ವಿವರಿಸಿದ. ಮಗ ಪಕ್ಕದಲ್ಲೇ ನಿಂತು ಸೂರು ನೋಡುತ್ತಿದ್ದ. “ಮೊದಲೇ ಹೇಳೋಕೇನಾಗಿತ್ತೋ?” ಅಂದೆ. “ಹೇಳಿದ್ದೆ. ನೀನು ಮೆಟ್ರೋ ಉದಾಹರಣೆ ಕೊಡ್ತಾ ಇದ್ದೆ.”

ಅರಿಯರ್ಸ್ ಬರುವವರೆಗೆ, ಅಂದರೆ ಆರು ವಾರ, ನಮ್ಮ ಗೇಮಿಂಗ್ ಕಂಪ್ಯೂಟರು ನಡುಮನೆಯ ದೀಪವಾಗಿತ್ತು. ಅಮ್ಮ ದೀಪ ಹಚ್ಚುವ ಹೊತ್ತಿಗೆ ಅದನ್ನೂ ಆನ್ ಮಾಡುತ್ತಿದ್ದಳು. ಒಂದು ಶುಕ್ರವಾರ ಅದರ ಮೇಲೆ ಎರಡು ಸೇವಂತಿಗೆಯೂ ಕಂಡವು.

ಕಾರ್ಡ್ ಬಂತು. ಎರಡು ಫ್ಯಾನಿನದಕ್ಕೂ ಮೂರು ಫ್ಯಾನಿನದಕ್ಕೂ ಬೆಲೆ ಹೆಚ್ಚುಕಮ್ಮಿ ಒಂದೇ ಇದ್ದದ್ದರಿಂದ ಮೂರರದ್ದೇ ತರಿಸಿದ್ದೆ (ಮೂರು ಎರಡಕ್ಕಿಂತ ದೊಡ್ಡದು). ಉದ್ದ 28 ಸೆಂಟಿಮೀಟರ್. ಕ್ಯಾಬಿನೆಟ್ಟಿನಲ್ಲಿ ಹಾರ್ಡ್ ಡಿಸ್ಕಿನ ಗೂಡು ಅಡ್ಡ ಬಂತು. ಗೂಡು ಕಿತ್ತೆವು. ಎಂಟು ಪಿನ್ನಿನ ಕೇಬಲ್ ಹುಡುಕಿದರೆ ಎರಡು ಥರ ಸಿಕ್ಕವು, ಒಂದು ಪ್ರೊಸೆಸರಿನದು, ಒಂದು ಕಾರ್ಡಿನದು. ಈ ಸಲ ಒತ್ತುವ ಕೆಲಸ ಮಗನೇ ವಹಿಸಿಕೊಂಡ. ಎಲ್ಲ ಸರಿಯಾಯಿತು. ಸ್ವಿಚ್ ಒತ್ತಿದೆವು.

ಅಮಾವಾಸ್ಯೆ.

ಕಾರ್ಡ್ ತೆಗೆದು ಹಾಕಿದೆವು. ಕೇಬಲ್ ಬದಲಾಯಿಸಿದೆವು. ನಾನು ಮೂರನೇ ರಬ್ಬರ್ ತರಲು ಎದ್ದೆ. ಅಮ್ಮ ಕ್ಯಾಬಿನೆಟ್ಟಿನ ಹಿಂಬದಿಯ ದೂಳು ಒರೆಸುತ್ತಿದ್ದವಳು, “ಟೀವಿ ವೈರನ್ನ ಮೇಲಿನ ತೂತಿಗೆ ಹಾಕಿದೀರಲ್ಲ. ಹೊಸದಾಗಿ ತಂದಿದ್ದರಲ್ಲೂ ಅಂಥದ್ದೇ ತೂತಿದೆ. ಅದು ಯಾಕೆ ಖಾಲಿ?” ಅಂದಳು.

ನಾನೂ ಮಗನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಚ್‌ಡಿಎಂಐ ವೈರು ಮದರ್‌ಬೋರ್ಡಿನಲ್ಲೇ ಇತ್ತು, ಆರು ವಾರದಿಂದ. ಅಲ್ಲಿಂದ ತೆಗೆದು ಕಾರ್ಡಿಗೆ ಹಾಕಿದೆ. ಮಾನಿಟರಿನಲ್ಲಿ ಬೆಳಗಾಯಿತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರಿನವರು ಮೆಮೊರಿ ಚಿಪ್ಪುಗಳನ್ನೆಲ್ಲ ಬಾಚಿಕೊಳ್ಳತೊಡಗಿ ರ‍್ಯಾಮ್ ಬೆಲೆ ಮೇಲೇರಿತು. ಒಂದು ರಾತ್ರಿ ಮಗ ಮೊಬೈಲ್ ಹಿಡಿದು ಓಡಿಬಂದ. ನಾನು ತಪ್ಪಾಗಿ ತಂದ ಆ ಕಡ್ಡಿ ಮೂರು ಪಟ್ಟು ಬೆಲೆಗೆ ಹೋಗುತ್ತಿತ್ತು. ಎಲ್‌ಐಸಿ, ಚೀಟಿ, ಸೈಟು ಅಂತ ಮೂವತ್ತು ವರ್ಷದಲ್ಲಿ ನಾನು ಹಾಕಿದ ಯಾವ ದುಡ್ಡೂ ಏಳು ತಿಂಗಳಲ್ಲಿ ಹೀಗೆ ಬೆಳೆದದ್ದಿಲ್ಲ. ಲೆಕ್ಕದ ಹಾಳೆ ಹುಡುಕಿ ‘ನಷ್ಟ’ವನ್ನು ಕೆಂಪು ಪೆನ್ನಿನಿಂದಲೇ ಹೊಡೆದುಹಾಕಿದೆ.

ಮಾರಿಬಿಡೋಣ ಅನ್ನುತ್ತಾನೆ ಮಗ. ಹೆಂಡತಿ ಒಪ್ಪುತ್ತಿಲ್ಲ. ಕಡ್ಡಿಯನ್ನು ಮೂಲೆಯಿಂದ ಎತ್ತಿ ಬೆಳ್ಳಿ ದೀಪಗಳ ಜತೆ ಒಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದ್ದಾಳೆ. ಬೆಳಿಗ್ಗೆ ಪೇಪರಿನಲ್ಲಿ ಚಿನ್ನದ ದರ ಓದಿ ಮುಗಿಸಿ, ಕಾಫಿ ಲೋಟ ನನ್ನ ಮುಂದಿಟ್ಟು ಕೇಳುತ್ತಾಳೆ, “ರೀ, ನಮ್ಮ ಐದು ಇವತ್ತು ಎಷ್ಟಾಯ್ತು?”