ಅತ್ತವರೆಲ್ಲ ಅನ್‌ಸ್ಟೇಬಲ್ ಅಲ್ಲ ಕಣ್ರೀ

ಇವತ್ತು ಮೀಟಿಂಗಿನಲ್ಲಿ ಮಾತಾಡುತ್ತಿದ್ದ ಹುಡುಗಿಯೊಬ್ಬಳಿಗೆ ಗಂಟಲು ಕಟ್ಟಿತು. ಎದ್ದು ಹೊರಗೆ ಹೋದಳು. ಎರಡೇ ನಿಮಿಷ. ಮುಖ ತೊಳೆದುಕೊಂಡು ಬಂದು, ಬಿಟ್ಟ ಕಡೆಯಿಂದಲೇ ಶುರು ಮಾಡಿ ಮುಗಿಸಿದಳು. ಆ ಎರಡು ನಿಮಿಷದಲ್ಲಿ ಇಲ್ಲೊಬ್ಬ ಮಹಾಶಯರು ತೀರ್ಪು ಕೊಟ್ಟಾಗಿತ್ತು: "ಸ್ವಲ್ಪ ಅನ್‌ಸ್ಟೇಬಲ್, ಅಲ್ವಾ?"

ಮೈಯೆಲ್ಲ ಉರಿಯಿತು. ಪದಗಳ ವಿಷಯಕ್ಕೆ ನಾನು ಜಗಳ ಕಾಯುವವಳು ಅಂತ ನಿಮಗೆ ಗೊತ್ತೇ ಇದೆ.

ಅನ್‌ಸ್ಟೇಬಲ್ ಅಂದರೆ ಅಲುಗಾಡುವುದಲ್ಲ. ಅಲುಗಿದ ಮೇಲೆ ತನ್ನ ಜಾಗಕ್ಕೆ ವಾಪಸ್ ಬಾರದಿರುವುದು. ಪೆನ್ಸಿಲನ್ನು ಮೊನೆಯ ಮೇಲೆ ನಿಲ್ಲಿಸಿ ನೋಡಿ. ಕದಲದೆ ನಿಂತ ಆ ಒಂದು ಕ್ಷಣದಲ್ಲೂ ಅದು ಅನ್‌ಸ್ಟೇಬಲ್ಲೇ. ಉಸಿರು ತಾಗಿದರೆ ಸಾಕು, ಬಿತ್ತು. ಉಯ್ಯಾಲೆ ದಿನವಿಡೀ ಓಲಾಡಿದರೂ ಸ್ಟೇಬಲ್. ಅದರ ಪಾಡಿಗೆ ಬಿಟ್ಟರೆ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತದೆ. ನಡುಗುವ ಕೈಗೆ, ತೂರಾಡುವ ಕಾಲಿಗೆ ಇಂಗ್ಲಿಷಿನಲ್ಲೇ ಬೇರೆ ಪದ ಇದೆ, ಅನ್‌ಸ್ಟೆಡಿ. ಲಡಾಸು ಕುರ್ಚಿಗೆ ರಿಕೆಟಿ. ಇಷ್ಟೆಲ್ಲ ಇಟ್ಟುಕೊಂಡು ಇವರಿಗೆ ಒಂದೇ ಪದ ಸಿಗುತ್ತದೆ!

ಬೇರೆಯವರು ಇದನ್ನು ಎಷ್ಟು ಜೋಪಾನವಾಗಿ ಬಳಸುತ್ತಾರೆ ನೋಡಿ. ಸುಮ್ನೆ ಕೂತಿದ್ದಾಗಲೂ ಎದೆನೋವು ಬಂದರೆ ಡಾಕ್ಟರು ಅನ್‌ಸ್ಟೇಬಲ್ ಆಂಜೈನಾ ಇರಬಹುದು ಅನ್ನುತ್ತಾರೆ. ಅಂದರೆ ಈಗಲೇ ಆಸ್ಪತ್ರೆಗೆ ಓಡಿ ಅಂತ. ಡೆಬಿಯನ್ ಅನ್ನುವ ಕಂಪ್ಯೂಟರ್ ಆಪರೇಟಿಂಗ್ ಸಿಸ್ಟಮ್ ಬಳಸುವವರನ್ನು ಕೇಳಿ, ಅಲ್ಲಿ ಅನ್‌ಸ್ಟೇಬಲ್ ಅನ್ನುವ ಆವೃತ್ತಿಯೇ ಇದೆ. ಸದಾ ಬದಲಾಗುತ್ತಿರುತ್ತದೆ ಅಂತ ಆ ಹೆಸರು. ಎಷ್ಟೋ ಜನ ದಿನವೂ ಅದರಲ್ಲೇ ಕೆಲಸ ಮಾಡುತ್ತಾರೆ. ಕಾರ್ಬನ್-14 ಅನ್ನುವ ವಿಕಿರಣಶೀಲ ಇಂಗಾಲ ಕೂಡ ಅನ್‌ಸ್ಟೇಬಲ್. ಆದರೆ ಅದು ಅರ್ಧಕ್ಕೆ ಇಳಿಯಲು ಸುಮಾರು 5,730 ವರ್ಷ ಬೇಕು. ಆ ಹುಡುಗಿಗೆ ಎರಡು ನಿಮಿಷವನ್ನೂ ಕೊಡಲಿಲ್ಲವಲ್ಲ ಸ್ವಾಮಿ!

"ಭಾಷೆ ಬದಲಾಗುತ್ತೆ ಮೇಡಂ, ಅರ್ಥ ಹಿಗ್ಗುತ್ತೆ" ಅಂತ ಯಾರಾದರೂ ಕೆಳಗೆ ಬರೆಯುತ್ತೀರಿ, ಗೊತ್ತು. ಹಿಗ್ಗಲಿ, ಬೇಡ ಅಂದವರು ಯಾರು? ಆದರೆ ಮೇಜು ಗುದ್ದಿ ಕಿರುಚುವ ಸಾಹೇಬರ ತನಕ ಅದು ಹಿಗ್ಗುವುದೇ ಇಲ್ಲ ನೋಡಿ. ಅವರು 'ಪ್ಯಾಷನೇಟ್'. ಅತ್ತವರು ಮಾತ್ರ ಅನ್‌ಸ್ಟೇಬಲ್.

ಇಷ್ಟು ಕೂಗಾಡುತ್ತಿರುವ ನಾನೇನು ಸಾಚಾ ಅಲ್ಲ. ಕೆಲವು ವರ್ಷದ ಹಿಂದೆ ನನ್ನ ತಂಡದ ಹುಡುಗನೊಬ್ಬನ ವಾರ್ಷಿಕ ವರದಿಯಲ್ಲಿ ಇದೇ ಪದ ಟೈಪ್ ಮಾಡಿದ್ದೆ. ಅವನ ಅಪ್ಪ ಆಸ್ಪತ್ರೆಯಲ್ಲಿದ್ದರು. ನನಗೆ ಗೊತ್ತಿತ್ತು. ಆ ವರ್ಷ ಅವನಿಗೆ ಬಡ್ತಿ ಸಿಗಲಿಲ್ಲ.

ಇವತ್ತು ಆ ಮಹಾಶಯರಿಗೆ ಇದನ್ನೆಲ್ಲ ಹೇಳಿದೆನಾ? ಇಲ್ಲ. ನೀರಿನ ಬಾಟಲಿ ಎತ್ತಿಕೊಂಡೆ. ಕೈ ನಡುಗುತ್ತಿತ್ತು. ಅನ್‌ಸ್ಟೆಡಿ, ಅಷ್ಟೇ.