ಬಸವನಹುಳು ಏರಿದ ಬುರುಡೆ

ಸಮುದ್ರದ ನೀರಿನ ಅಕ್ವೇರಿಯಂ ಇಟ್ಟುಕೊಂಡವರ ಮನೆಯಲ್ಲಿ ಮೀನಿಗಿಂತ ಉಪ್ಪಿನ ಮಾತೇ ಹೆಚ್ಚು ನಡೆಯುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಆದ್ದರಿಂದ ದಿನವೂ ಇಂಗಿದಷ್ಟು ಸಿಹಿನೀರನ್ನು ತುಂಬುತ್ತಿರಬೇಕು. ಈ ಚಾಕರಿಗೆ ನಾನು ನೇಮಿಸಿಕೊಂಡಿರುವುದು ಫ್ಲೋಟ್ ಸ್ವಿಚ್ ಎಂಬ ಬೆರಳುದ್ದದ ಸಾಧನವನ್ನು. ದೊಡ್ಡ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ನೀರು ಸೋಸುವ ಸಣ್ಣ ತೊಟ್ಟಿಯೊಂದಿದೆ. ಅಲ್ಲಿ ನೀರು ಇಳಿದರೆ ಸ್ವಿಚ್ಚಿನ ತೇಲುವ ಬುರುಡೆಯೂ ಇಳಿದು ಪಂಪು ಚಾಲೂ ಆಗುತ್ತದೆ, ಪಕ್ಕದ ಕ್ಯಾನಿನಿಂದ ಸಿಹಿನೀರು ಬರುತ್ತದೆ. ಬುರುಡೆ ಎದ್ದರೆ ಪಂಪು ನಿಲ್ಲುತ್ತದೆ. ಇದರಲ್ಲಿ ಕೆಡುವುದಕ್ಕೆ ಏನೂ ಇಲ್ಲ ಎಂದು ಮಾರಿದವರು ಭರವಸೆ ಕೊಟ್ಟಿದ್ದರು. ಬುರುಡೆಯ ಮೇಲೆ ಬಸವನಹುಳು ಬಂದು ಕೂರಬಹುದೆಂಬ ವಿಷಯ ಅವರ ಭರವಸೆಯಲ್ಲಿ ಸೇರಿರಲಿಲ್ಲ.

ಅದು ರಾತ್ರಿಯೆಲ್ಲ ಕೂತಿತ್ತು. ನೀರು ಏರಿದರೂ ಬುರುಡೆ ಏಳಲಿಲ್ಲ, ಪಂಪು ನಿಯತ್ತಿನಿಂದ ದುಡಿಯಿತು. ಕ್ಯಾನಿನಲ್ಲಿದ್ದ 25 ಲೀಟರ್ ಸಿಹಿನೀರು ಪೂರ್ತಿ ಒಳಗೆ ಹೋಗಿ, ಸಣ್ಣ ತೊಟ್ಟಿ ಉಕ್ಕಿ, ಐದು ಲೀಟರಿನಷ್ಟು ಉಪ್ಪುನೀರು ನೆಲಕ್ಕೆ ಹರಿದಿತ್ತು. ಬೆಳಿಗ್ಗೆ ಹೆಂಡತಿ ಎಬ್ಬಿಸಿದಳು: “ರೀ, ನಿಮ್ಮ ಸಮುದ್ರ ಸೋಫಾದ ಕೆಳಗೆ ಬಂದಿದೆ.”

ನೆಲ ಒರೆಸುವ ಮೊದಲು ನೀರಿನ ಉಪ್ಪನ್ನು ಅಳೆದೆ. (ಈ ಆದ್ಯತೆಯ ಬಗ್ಗೆ ಮನೆಯಲ್ಲಿ ಈಗಲೂ ಭಿನ್ನಾಭಿಪ್ರಾಯವಿದೆ.) ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ಆಡುವ ಹೈಡ್ರೋಮೀಟರ್ ಏನೂ ಆಗಿಯೇ ಇಲ್ಲವೆಂಬಂತೆ 34 ತೋರಿಸಿತು. ಕಣ್ಣಿಟ್ಟು ನೋಡಿದರೆ ಮುಳ್ಳಿಗೆ ಸಾಸಿವೆಕಾಳಿನಷ್ಟು ಗಾಳಿಗುಳ್ಳೆಯೊಂದು ಅಂಟಿಕೊಂಡಿದೆ. ಗುಳ್ಳೆ ಮುಳ್ಳನ್ನು ಎತ್ತಿ ಹಿಡಿಯುತ್ತದೆ, ಇಲ್ಲದ ಉಪ್ಪು ಇದೆಯೆಂದು ಸಾಕ್ಷಿ ಹೇಳುತ್ತದೆ. ಹಾಗಾಗಿ ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ಹೇಳುವ ರಿಫ್ರಾಕ್ಟೋಮೀಟರನ್ನು ತೆಗೆದು, 35ರ ಪ್ರಮಾಣಿತ ದ್ರಾವಣದಲ್ಲಿ ಸರಿಹೊಂದಿಸಿಕೊಂಡು, ಗಾಜಿನ ಮೇಲೆ ತೊಟ್ಟಿಯ ನೀರು ಒಂದು ಹನಿ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದೆ. ನೀಲಿಯೂ ಬಿಳಿಯೂ ಸೇರುವ ಗೆರೆ 31ರ ಮೇಲೆ ನಿಂತಿತ್ತು. ಸಾವಿರ ಗ್ರಾಂ ನೀರಿನಲ್ಲಿ 35 ಗ್ರಾಂ ಉಪ್ಪಿರಬೇಕಾದಲ್ಲಿ 31.

ಆ ವಾರ ಮನೆಗೆ ಬಂದಿದ್ದ ಭಾವಮೈದುನ ನೀರಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿ, “ಉಪ್ಪು ಸರಿಯಾಗಿಯೇ ಇದೆ ಭಾವ” ಎಂದ. ಇಲ್ಲವೆಂದು ಲೆಕ್ಕ ತೋರಿಸಿದೆ. “ಹಾಗಾದರೆ ಅಡುಗೆಮನೆಯಿಂದ ಎರಡು ಹಿಡಿ ತಂದು ಹಾಕಿಬಿಡಿ” ಎಂದ. ಅಮ್ಮ ಆಗಲೇ ಉಪ್ಪಿನ ಡಬ್ಬ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಡುಗೆಯ ಉಪ್ಪೆಂದರೆ ಹೆಚ್ಚುಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಸಮುದ್ರದಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲವೂ ಇರಬೇಕು ಎಂದೆ. “ಹೆಸರು ಹೇಳಿ ಹೆದರಿಸಬೇಡ” ಎಂದು ಡಬ್ಬದೊಂದಿಗೆ ಹಿಂದಿರುಗಿದಳು.

ಅಕ್ವೇರಿಯಂಗೆಂದೇ ಬರುವ ಸಮುದ್ರ ಉಪ್ಪು ನನ್ನ ಹತ್ತಿರ ಇತ್ತು. ಅದನ್ನೂ ತೊಟ್ಟಿಗೆ ನೇರವಾಗಿ ಸುರಿಯುವ ಹಾಗಿಲ್ಲ. ಕರಗದ ಹರಳು ಹವಳದ ಮೇಲೆ ಬಿದ್ದರೆ ಅಲ್ಲಿ ಸುಟ್ಟ ಗಾಯವೇ ಆಗುತ್ತದೆ. ಇನ್ನು ಮೀನಿನ ಪಾಡು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ಅಕ್ಷರಶಃ ಪಾಲಿಸುವ ಜೀವಿ ಎಂದರೆ ಕಡಲ ಮೀನೇ. ಸುತ್ತಲಿನ ನೀರು ಅದರ ರಕ್ತಕ್ಕಿಂತ ಸುಮಾರು ಮೂರು ಪಟ್ಟು ಉಪ್ಪಾದ್ದರಿಂದ ಮೈಯ ನೀರು ಕಿವಿರುಗಳ ಮೂಲಕ ಸೋರುತ್ತಲೇ ಇರುತ್ತದೆ. ಅದನ್ನು ತುಂಬಿಕೊಳ್ಳಲು ಮೀನು ದಿನವಿಡೀ ಸಮುದ್ರವನ್ನೇ ಕುಡಿಯುತ್ತದೆ, ಒಳಗೆ ಬಂದ ಉಪ್ಪನ್ನು ಕಿವಿರಿನ ಜೀವಕೋಶಗಳಿಂದ ಹೊರಗೆ ದಬ್ಬುತ್ತದೆ. ಉಪ್ಪು ಇಳಿದರೆ ಅದಕ್ಕೆ ಅಷ್ಟು ತೊಂದರೆಯಿಲ್ಲ, ಕೆಲಸ ಹಗುರವಾಗುತ್ತದೆ. ಒಮ್ಮೆಲೇ ಏರಿದರೆ ಮಾತ್ರ ಕಷ್ಟ. ಆದ್ದರಿಂದಲೇ ಏರಿಸುವಾಗ ವಿಶಿಷ್ಟ ಗುರುತ್ವವನ್ನು (ಸಿಹಿನೀರಿಗೆ ಹೋಲಿಸಿದರೆ ಈ ನೀರು ಎಷ್ಟು ಪಟ್ಟು ಭಾರ ಎಂಬ ಲೆಕ್ಕ) ದಿನಕ್ಕೆ 0.001ಕ್ಕಿಂತ ಹೆಚ್ಚಿಸಬಾರದು ಎಂಬ ವಾಡಿಕೆ ಇರುವುದು. ಸಾವಿರದ ಲೆಕ್ಕದಲ್ಲಿ ಅದು ಒಂದು ಚಿಲ್ಲರೆ ಗ್ರಾಂ.

ಮೀನಿಗಾದರೂ ಈ ದಬ್ಬುವ ವ್ಯವಸ್ಥೆಯಿದೆ. ನಕ್ಷತ್ರ ಮೀನು, ಬಸವನಹುಳುಗಳಿಗೆ ಅದೂ ಅಷ್ಟಕ್ಕಷ್ಟೇ. ಹೊರಗಿನ ನೀರು ಹೇಗೋ ಮೈಯೊಳಗೂ ಹಾಗೆಯೇ. ಅಂದರೆ ಇಡೀ ತೊಟ್ಟಿಯಲ್ಲಿ ಅತ್ಯಂತ ನಾಜೂಕಾಗಿ ನೋಡಿಕೊಳ್ಳಬೇಕಾದವರ ಪಟ್ಟಿಯಲ್ಲಿ ಈ ಅವಾಂತರ ಮಾಡಿದ ಮಹಾನುಭಾವನೂ ಇದ್ದಾನೆ. ಆರೋಪಿಯ ಯೋಗಕ್ಷೇಮಕ್ಕೆ ತಕ್ಕಂತೆ ಪರಿಹಾರದ ವೇಗ ನಿಗದಿಯಾಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಾಗದ ಪೆನ್ಸಿಲು ಹಿಡಿದು ಕೂತೆ. ಈಗ ನೀರು 200 ಲೀಟರ್, ಕೊರತೆ ಲೀಟರಿಗೆ ನಾಲ್ಕು ಗ್ರಾಂ, ಅಂದರೆ 800 ಗ್ರಾಂ ಉಪ್ಪು ಬೇಕು ಎಂದು ಮೇಲ್ನೋಟದ ಲೆಕ್ಕ. ಆದರೆ ತೊಟ್ಟಿಯ ಮಾಮೂಲು ನೀರು 180 ಲೀಟರ್. ಹೆಚ್ಚುವರಿ 20 ಲೀಟರ್ ಸಿಹಿನೀರು ಇಂದಲ್ಲ ನಾಳೆ ಆವಿಯಾಗುವಂಥದ್ದು. ಈಗ 800 ಗ್ರಾಂ ಹಾಕಿದರೆ, ನೀರು ಹಳೆಯ ಮಟ್ಟಕ್ಕೆ ಇಳಿಯುವ ಹೊತ್ತಿಗೆ ಲವಣಾಂಶ 38 ದಾಟಿರುತ್ತದೆ. ನಿಜವಾಗಿ ಕಳೆದುಹೋದ ಉಪ್ಪು ನೆಲಕ್ಕೆ ಹರಿದದ್ದು ಮಾತ್ರ, ಸುಮಾರು 160 ಗ್ರಾಂ. ಮಿಕ್ಕಿದ್ದೆಲ್ಲ ತೊಟ್ಟಿಯಲ್ಲಿಯೇ ಇದೆ, ತೆಳ್ಳಗಾಗಿದೆ ಅಷ್ಟೆ. ಆದ್ದರಿಂದ ಮಾಡಬೇಕಾದ ಕೆಲಸವೆಂದರೆ ಪಂಪಿನ ತಂತಿ ಕಿತ್ತು ಸುಮ್ಮನೆ ಕೂರುವುದು. ದಿನಕ್ಕೆ ಮೂರು ಲೀಟರ್ ಆವಿಯಾದರೆ ಲವಣಾಂಶ ದಿನಕ್ಕೆ ಅರ್ಧ ಅಂಕದಷ್ಟು ತಾನಾಗಿ ಏರುತ್ತದೆ, ಯಾರಿಗೂ ನೋವಾಗದಂತೆ.

ಸುಮ್ಮನೆ ಕೂರುವುದನ್ನು ಕೆಲಸವೆಂದು ಮನೆಯವರಿಗೆ ಒಪ್ಪಿಸುವುದು ಉಪ್ಪು ಏರಿಸುವುದಕ್ಕಿಂತ ಕಷ್ಟ. “ಏನು ಮಾಡುತ್ತಿದ್ದೀರಿ?” ಎಂದು ಹೆಂಡತಿ ಕೇಳಿದರೆ “ಉಪ್ಪು ಏರಿಸುತ್ತಿದ್ದೇನೆ” ಎನ್ನುತ್ತಿದ್ದೆ, ಪತ್ರಿಕೆಯಿಂದ ಕಣ್ಣು ತೆಗೆಯದೆ. ಭಾವಮೈದುನ ದಿನವೂ ಬೆರಳದ್ದಿ ರುಚಿ ನೋಡಿ, “ಇನ್ನೂ ಸರಿಯಾಗಿಯೇ ಇದೆ” ಎಂದು ವರದಿ ಕೊಡುತ್ತಿದ್ದ.

ನೀರು ಹಳೆಯ ಗುರುತಿಗೆ ಇಳಿದಾಗ ಗೆರೆ 34ರಲ್ಲಿತ್ತು. ಉಳಿದ ಒಂದು ಅಂಕಕ್ಕಾಗಿ ಬಕೆಟ್ಟಿನಲ್ಲಿ ಆರ್‌ಒ ನೀರು ಹಿಡಿದು, 35ರ ಹದಕ್ಕೆ ಉಪ್ಪು ಬೆರೆಸಿ, ಹೀಟರ್ ಇಟ್ಟು, ಸಣ್ಣ ಪಂಪು ತಿರುಗಿಸಿ ಇಡೀ ಒಂದು ದಿನ ಕರಗಿಸಿದೆ. ಆಮೇಲೆ ಇಂಗಿದ ಜಾಗಕ್ಕೆ ಸಿಹಿನೀರಿನ ಬದಲು ಈ ನೀರನ್ನು ಚೊಂಬಿನಲ್ಲಿ ಹಾಕುತ್ತ ಬಂದೆ. “ಇಷ್ಟೂ ರಂಪ 160 ಗ್ರಾಂ ಉಪ್ಪಿಗಾ?” ಎಂದು ಅಮ್ಮ ಕೇಳಿದಳು. ಅವಳ ಪ್ರಕಾರ ಅದು ಎರಡು ಹಿಡಿಯ ಲೆಕ್ಕವೇ, ಡಬ್ಬ ತಂದ ದಿನವೇ ಮುಗಿಯುತ್ತಿತ್ತು.

ಈಗ ಬುರುಡೆಯ ಸುತ್ತ ಪ್ಲಾಸ್ಟಿಕ್ ಜಾಲರಿ ಬಂದಿದೆ. 25 ಲೀಟರಿನ ಕ್ಯಾನು ಹೋಗಿ ಐದು ಲೀಟರಿನದು ಬಂದಿದೆ. ಇನ್ನು ಯಾರು ಎಲ್ಲಿ ಕೂತರೂ ಅನಾಹುತ ಐದು ಲೀಟರಿಗೆ ನಿಲ್ಲಬೇಕು. ಇತ್ಯರ್ಥವಾಗದೆ ಉಳಿದಿರುವುದು ಸೋಫಾದ ಕೆಳಗಿನ ನೆಲ. ಎಷ್ಟು ಒರೆಸಿದರೂ ಒಣಗಿದ ಮೇಲೆ ಟೈಲ್ಸ್ ಸಂದಿನಲ್ಲಿ ಬಿಳಿ ಗೆರೆ ಮೂಡುತ್ತದೆ. ಅದನ್ನೂ ದಿನಕ್ಕೆ ಅರ್ಧ ಅಂಕದಂತೆ ಇಳಿಸುವ ಯೋಜನೆಯೇ ಎಂದು ಹೆಂಡತಿ ವಿಚಾರಿಸಿದ್ದಾಳೆ.